ಬಾರದವರನ್ನು ಹುಡುಕುವ ಪುಸ್ತಕ

ಜೂನ್ 3

ಪೂಜ್ಯ ಅತ್ತೆಯವರಿಗೆ ಅಳಿಯನ ನಮಸ್ಕಾರಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ಎರಡು ವರ್ಷದ ಮೇಲೆ ಈ ಮನೆಯಿಂದ ಪತ್ರ ಬಂತಲ್ಲ, ಏನಾಯಿತೋ ಎಂದು ಗಾಬರಿಯಾಗಬೇಡಿ. ಕೆಟ್ಟ ಸುದ್ದಿ ಏನೂ ಇಲ್ಲ. ಒಂದು ಪುಸ್ತಕ ಬೇಕಾಗಿದೆ, ಅಷ್ಟೇ.

ನಾನು ಕೃತಕ ಕಾಲು ಮಾಡುವ ಕೇಂದ್ರದಲ್ಲಿ ಕಾರ್ಡು ನೋಡಿಕೊಳ್ಳುವವನು ಎಂಬುದು ತಮಗೆ ಗೊತ್ತೇ ಇದೆ. ಇಲ್ಲಿಗೆ ಬಂದವರಿಗೆಲ್ಲ ಒಂದೊಂದು ಕಾರ್ಡು. ಅವೆಲ್ಲ ಎರಡು ಕಬ್ಬಿಣದ ಬೀರುಗಳಲ್ಲಿ, ಬಂದ ಕ್ರಮದಲ್ಲಿ ನಿಂತಿವೆ. ಹೋದ ತಿಂಗಳು ಯಾರೋ ಪುಣ್ಯಾತ್ಮರು ತಾವು ಬಳಸಿಬಿಟ್ಟ ಒಂದು ಕಂಪ್ಯೂಟರ್ ದಾನ ಕೊಟ್ಟರು. ಅದರಲ್ಲಿ ಒಂದು ಡೇಟಾಬೇಸ್ ಪ್ರೋಗ್ರಾಂ ಇದೆ. ಕಾರ್ಡುಗಳಲ್ಲಿರುವುದನ್ನು ಅದಕ್ಕೆ ತುಂಬಿದರೆ ಕೇಳಿದ್ದನ್ನು ಕ್ಷಣದಲ್ಲಿ ಹುಡುಕಿಕೊಡುತ್ತದಂತೆ. ಕಲಿಸಲು ಒಬ್ಬರು ಎರಡು ದಿನ ಬಂದಿದ್ದರು. ಅವರು ಮೌಸ್ ಆಡಿಸಿದ ವೇಗಕ್ಕೆ ನನ್ನ ಕಣ್ಣು ತಿರುಗಿತೇ ಹೊರತು ತಲೆಗೆ ಏನೂ ಹತ್ತಲಿಲ್ಲ.

ನಮ್ಮ ದೊಡ್ಡ ಡಾಕ್ಟರು ಕರೆದು ಹೇಳಿದರು: "ಯಾರು ಬಂದ್ರು ಅಂತ ನಂಗೆ ಕಣ್ಣಿಗೆ ಕಾಣುತ್ತೆ ಕಣಯ್ಯ. ಬರಬೇಕಾದೋರು ಯಾರು ಬರಲಿಲ್ಲ ಅಂತ ಹೇಳು. ಅಷ್ಟು ಮಾಡಿಕೊಟ್ರೆ ಸಾಕು." ವಿಷಯ ಏನೆಂದರೆ, ದೊಡ್ಡವರಿಗೆ ಒಮ್ಮೆ ಕಾಲು ಕೊಟ್ಟರೆ ಕೆಲವು ವರ್ಷ ನಡೆಯುತ್ತದೆ. ಮಕ್ಕಳಿಗೆ ಹಾಗಲ್ಲ. ಮಗು ಬೆಳೆಯುತ್ತದೆ, ನಾವು ಕೊಟ್ಟ ಕಾಲು ಬೆಳೆಯುವುದಿಲ್ಲ. ವರ್ಷ ವರ್ಷ ಬಂದು ಬದಲಾಯಿಸಿಕೊಳ್ಳದಿದ್ದರೆ ಸೊಂಟ ವಾಲಿ ಬೆನ್ನು ಡೊಂಕಾಗುತ್ತದೆ. ಕಾರ್ಡು ಬೀರುವಿನೊಳಗೆ ನಿಂತಿರುತ್ತದೆ, ಕರೆಯುವವರಿಲ್ಲ. ವರ್ಷದ ಕೊನೆಯೊಳಗೆ ಇದು ನನ್ನಿಂದಾಗದಿದ್ದರೆ ಕಂಪ್ಯೂಟರ್ ಬೇರೆ ಕಡೆಗೆ ಹೋಗುತ್ತದೆ.

ತಮ್ಮ ಊರಿನಲ್ಲಿ ಪುಸ್ತಕದ ಅಂಗಡಿಗಳದ್ದೇ ಒಂದು ಬೀದಿ ಇದೆ. ತಾವು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಲೇ ಆಯುಸ್ಸು ಕಳೆದವರು. ಯಾವ ಪುಸ್ತಕ ಒಳ್ಳೆಯದೆಂದು ತಮ್ಮಷ್ಟು ಬಲ್ಲವರು ನನಗೆ ಬೇರೆ ಯಾರೂ ಗೊತ್ತಿಲ್ಲ. ಒಂದು ಆರಿಸಿ ಕಳಿಸಿಕೊಡಬೇಕೆಂದು ಕೋರುತ್ತೇನೆ. ಉತ್ತರವನ್ನು ಕೇಂದ್ರದ ವಿಳಾಸಕ್ಕೇ ಬರೆಯಿರಿ. ಮನೆಯ ಅಂಚೆಪೆಟ್ಟಿಗೆಯ ಬಾಗಿಲು ಮುರಿದಿದೆ.

ಇಂತು,
ತಮ್ಮ ಅಳಿಯ


ಜೂನ್ 14

ಅಳಿಯಂದಿರಿಗೆ ಆಶೀರ್ವಾದಗಳು.

ಲಕೋಟೆಯ ಮೇಲಿನ ಅಕ್ಷರ ನೋಡಿ, ಒಡೆಯುವ ಮೊದಲು ಒಂದು ಕಡೆ ಕೂತುಕೊಂಡೆ. 'ನಾವಿಬ್ಬರೂ ಕ್ಷೇಮ' ಎಂಬಲ್ಲಿಗೆ ಬಂದ ಮೇಲೆ ಮಿಕ್ಕದ್ದನ್ನು ನಿಧಾನವಾಗಿ ಓದಿದೆ.

ಕಂಪ್ಯೂಟರಿನ ವಿಷಯದಲ್ಲಿ ನನಗೆ ಅ ಆ ಇ ಈ ಕೂಡ ಗೊತ್ತಿಲ್ಲ. ಆದರೆ ಪುಸ್ತಕ ಯಾವುದಾದರೂ ಪುಸ್ತಕವೇ ತಾನೆ? ಮಾರನೆಯ ದಿನವೇ ಹೋದೆ. ಅಂಗಡಿಯವನು ಇಟ್ಟಿಗೆಯಂಥ ಮೂರು ಪುಸ್ತಕ ತಂದು ಮುಂದಿಟ್ಟ. ಒಂದರ ಹೊದಿಕೆಯ ಮೇಲೆ 'ಒಂದೇ ವಾರದಲ್ಲಿ ಕಲಿಯಿರಿ' ಎಂದಿತ್ತು. ಒಂದು ವಾರದಲ್ಲಿ ಬಂದ ವಿದ್ಯೆ ಎರಡನೇ ವಾರ ಹೋಗುತ್ತದೆ, ಬೇಡ ಎಂದೆ. ಎರಡನೆಯದರ ಮುನ್ನುಡಿಯಲ್ಲೇ ನಾಲ್ಕು ಅಚ್ಚಿನ ತಪ್ಪು. ಅಕ್ಷರ ನೋಡಿಕೊಳ್ಳದವರು ವಿಷಯ ನೋಡಿಕೊಂಡಿರುತ್ತಾರೆಯೇ? ಮೂರನೆಯದನ್ನು ಹಿಂದಿನಿಂದ ತೆರೆದೆ. ಪದಸೂಚಿ ಅಚ್ಚುಕಟ್ಟಾಗಿತ್ತು. ಅದರಲ್ಲಿ 'ತಪ್ಪುಗಳು' ಎಂಬುದನ್ನು ಹುಡುಕಿದೆ. ಬಹಳ ಪುಟಗಳ ಅಂಕಿ ಕೊಟ್ಟಿದ್ದರು. ಓದುವವನು ಎಡವುತ್ತಾನೆ ಎಂದು ಮೊದಲೇ ತಿಳಿದು ಬರೆದವರ ಪುಸ್ತಕವಿದು, ಇದೇ ಇರಲಿ ಎಂದು ಕಳಿಸಿದ್ದೇನೆ.

ಪುಟ್ಟಿ ಹೇಗಿದ್ದಾಳೆ? ಚಳಿ ಬಿದ್ದರೆ ಅವಳಿಗೆ ಕೆಮ್ಮು ಬರುತ್ತಿತ್ತು. ಶಾಲೆಯಲ್ಲಿ ಮಕ್ಕಳ ಮುಂದೆ ಕೂಗಿ ಪಾಠ ಮಾಡುವವಳು, ಗಂಟಲು ನೋಡಿಕೊಳ್ಳಲಿ. ನಾನು ಕೇಳಿದೆನೆಂದು ಹೇಳಬೇಕಾಗಿಲ್ಲ.

ಅಂಚೆಪೆಟ್ಟಿಗೆಯ ಬಾಗಿಲಿನ ವಿಷಯ ಅರ್ಥವಾಯಿತು. ರಿಪೇರಿಗೆ ಆತುರವಿಲ್ಲ.

ಅತ್ತೆ


ಜುಲೈ 2

ಅತ್ತೆಯವರಿಗೆ ನಮಸ್ಕಾರಗಳು.

ಪುಸ್ತಕ ಬಂತು. ಬಹಳ ಉಪಕಾರವಾಯಿತು. ಉಪಕಾರ ಎಂದು ಬರೆದ ಮೇಲೆ ತೊಂದರೆಯನ್ನೂ ಬರೆಯಲೇಬೇಕು, ತಪ್ಪು ತಿಳಿಯಬೇಡಿ.

ಪುಸ್ತಕದಲ್ಲಿರುವ ಚಿತ್ರಗಳಿಗೂ ನನ್ನ ಪರದೆಗೂ ತಾಳಮೇಳ ಇಲ್ಲ. 'ಬಲಗಡೆಯ ಮೂರನೇ ಗುಂಡಿ ಒತ್ತಿ' ಎನ್ನುತ್ತದೆ. ನನ್ನ ಬಲಗಡೆ ಗುಂಡಿಯೇ ಇಲ್ಲ. ವಾರವೆಲ್ಲ ನಾನೇ ದಡ್ಡ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಪುಸ್ತಕ ಹೊಸ ಪ್ರೋಗ್ರಾಮಿಗೆ ಬರೆದದ್ದು, ನನ್ನದು ಅದರ ಅಜ್ಜ.

ಇನ್ನೊಂದು, ಅದು ಮೇಜಿನ ಮೇಲೆ ತೆರೆದು ನಿಲ್ಲುವುದಿಲ್ಲ. ಕೀಲಿಗಳ ಮೇಲೆ ಎರಡು ಕೈಯೂ ಇಟ್ಟ ಕೂಡಲೇ ಪಟ್ಟೆಂದು ಮುಚ್ಚಿಕೊಳ್ಳುತ್ತದೆ. ಕೊನೆಗೆ ವರ್ಕ್‌ಶಾಪಿನ ಮೇಸ್ತ್ರಿ ಪ್ಲಾಸ್ಟರಿನ ಒಂದು ಪಾದದ ಅಚ್ಚು ತಂದು ಪುಟದ ಮೇಲೆ ಇಟ್ಟರು. ಈಗ ಯಾರದ್ದೋ ಎಡಗಾಲಿನ ಸುತ್ತ ಕಣ್ಣಾಡಿಸಿ ಪಾಠ ಓದುತ್ತಿದ್ದೇನೆ.

ಓದಿದಷ್ಟನ್ನು ನಂಬಿ ಒಂದು ಟೇಬಲ್ ಮಾಡಿದೆ. ಹೆಸರು, ವಯಸ್ಸು, ಊರು, ಕಾಲು, ಮೊದಲ ಸಲ ಬಂದ ದಿನ, ಎರಡನೇ ಸಲ, ಮೂರನೇ ಸಲ ಎಂದು ಒಂದೊಂದಕ್ಕೂ ಒಂದೊಂದು ಮನೆ. ಹನ್ನೊಂದು ಸಲ ಬಂದವರೊಬ್ಬರ ಕಾರ್ಡು ಕೈಗೆ ಸಿಕ್ಕಾಗ ನನ್ನ ಟೇಬಲ್ ರೈಲಿನಷ್ಟು ಉದ್ದವಾಗಿ ಪರದೆಯಿಂದಾಚೆ ಹೋಯಿತು. ಏನೋ ಬುಡದಲ್ಲೇ ತಪ್ಪಿದೆ.

ಇನ್ನೊಂದು ಪುಸ್ತಕ ಕೇಳಲು ಸಂಕೋಚ. ಕೇಳದಿದ್ದರೆ ಕೆಲಸ ಕೆಡುತ್ತದೆ.

ಇವಳು ಆರೋಗ್ಯವಾಗಿದ್ದಾಳೆ. ಕೆಮ್ಮು ಇಲ್ಲ.

ತಮ್ಮ ಅಳಿಯ


ಜುಲೈ 15

ಅಳಿಯಂದಿರಿಗೆ ಆಶೀರ್ವಾದಗಳು.

ಪ್ಲಾಸ್ಟರ್ ಪಾದದ ಜಾಗಕ್ಕೆ ಬಂದಾಗ ನಕ್ಕೂ ನಕ್ಕೂ ಒಲೆಯ ಮೇಲಿನ ಹಾಲು ಉಕ್ಕಿಸಿದೆ. ಎಷ್ಟೋ ದಿನದ ಮೇಲೆ ಹಾಗೆ ನಕ್ಕದ್ದು. ತಪ್ಪು ನನ್ನದೇ. ಪಾದದ ಅಳತೆ ಕೇಳದೆ ಚಪ್ಪಲಿ ಕಳಿಸಿದ ಹಾಗಾಯಿತು.

ಈ ಸಲ ಹೊಸ ಪುಸ್ತಕದ ಅಂಗಡಿಗೆ ಹೋಗಲಿಲ್ಲ. ಬೀದಿಯ ಕೊನೆಯಲ್ಲಿ ಹಳೆ ಪುಸ್ತಕದವರು ಕೂರುತ್ತಾರೆ. ಕಂಪ್ಯೂಟರ್ ಪುಸ್ತಕಗಳಷ್ಟು ಬೇಗ ಮುದಿಯಾಗುವ ಪುಸ್ತಕ ಬೇರೆ ಇಲ್ಲವಂತೆ. ಹೋದ ವರ್ಷದ ಕ್ಯಾಲೆಂಡರಿನ ಹಾಗೆ ರಾಶಿ ಬಿದ್ದಿರುತ್ತವೆ. ನಿಮ್ಮ ಅಜ್ಜನಿಗೆ ಸರಿಯಾದ ಪುಸ್ತಕ ಅಲ್ಲಿ ನಾಲ್ಕು ಸಿಕ್ಕವು. ನಾಲ್ಕರಲ್ಲೂ ಒಂದೇ ಅಧ್ಯಾಯ ತೆಗೆದು ಓದಿದೆ, ಟೇಬಲ್ ಮಾಡುವ ಅಧ್ಯಾಯ. ಮೂರರಲ್ಲಿ 'ಈಗ ಇದನ್ನು ಒತ್ತಿ, ಈಗ ಅದನ್ನು ಒತ್ತಿ' ಎಂದಿತ್ತು. ನಾಲ್ಕನೆಯವರು ಮಾತ್ರ 'ಕಂಪ್ಯೂಟರ್ ಆರಿಸಿ, ಕಾಗದ ಪೆನ್ಸಿಲ್ ತೆಗೆದುಕೊಳ್ಳಿ' ಎಂದು ಶುರು ಮಾಡಿದ್ದರು. ನನಗೆ ಅಷ್ಟೇ ಸಾಕಾಯಿತು.

ಅದರಲ್ಲಿ 'ಸಂಬಂಧಗಳು' ಎಂದೇ ಒಂದು ಅಧ್ಯಾಯ ಇದೆ. ಮದುವೆ ದಲ್ಲಾಳಿಯ ಪುಸ್ತಕವೇನೋ ಎಂದು ಕನ್ನಡಕ ಒರೆಸಿಕೊಂಡು ಓದಿದೆ. ಎರಡು ಟೇಬಲ್‌ಗಳಿಗೆ ಸಂಬಂಧ ಕೂಡಿಸಬೇಕಂತೆ. ಎರಡೂ ಕಡೆ ಒಂದೇ ಗುರುತು ಇದ್ದರೆ ಮಾತ್ರ ಕೂಡುತ್ತದಂತೆ. ಒಂದು ಕಡೆ ಒಬ್ಬರೇ, ಇನ್ನೊಂದು ಕಡೆ ಎಷ್ಟು ಜನ ಬೇಕಾದರೂ ಇರಬಹುದಂತೆ. ನೀವು ಉದ್ದಕ್ಕೆ ಎಳೆದ ರೈಲಿಗೆ ಮದ್ದು ಅಲ್ಲೇ ಇದೆ ಎಂದು ನನ್ನ ಊಹೆ.

ಪುಸ್ತಕವನ್ನು ನಾಲ್ಕು ತೆಳು ಭಾಗ ಮಾಡಿಸಿ ಕಳಿಸಿದ್ದೇನೆ. ಎಲ್ಲಿ ತೆರೆದರೂ ಮೇಜಿಗೆ ಅಂಟಿಕೊಂಡು ಮಲಗುತ್ತದೆ. ಪಾದವನ್ನು ಮೇಸ್ತ್ರಿಯವರಿಗೆ ಹಿಂತಿರುಗಿಸಿ.

ಅತ್ತೆ


ಆಗಸ್ಟ್ 9

ಪ್ರೀತಿಯ ಅತ್ತೆಯವರಿಗೆ,

ಏನೆಂದು ಧನ್ಯವಾದ ಹೇಳಲಿ! ಈ ಪುಸ್ತಕ ನನ್ನ ಪಕ್ಕದಲ್ಲಿ ಕೂತು ಮಾತಾಡುತ್ತದೆ. ಕಾಗದ ಪೆನ್ಸಿಲ್ ಹಿಡಿದು ಎರಡು ದಿನ ಕೂತೆ. ಮೂರನೇ ದಿನ ತಿಳಿಯಿತು, ನನ್ನ ಹತ್ತಿರ ಇರುವುದು ಒಂದಲ್ಲ, ಎರಡು ಟೇಬಲ್. ಒಂದರಲ್ಲಿ ಜನ, ಒಬ್ಬರಿಗೆ ಒಂದೇ ಸಾಲು. ಇನ್ನೊಂದರಲ್ಲಿ ಅವರ ಭೇಟಿಗಳು, ಎಷ್ಟು ಸಲ ಬಂದರೆ ಅಷ್ಟು ಸಾಲು. ಎರಡಕ್ಕೂ ಕಾರ್ಡಿನ ನಂಬರೇ ಗುರುತು. ನೀವು ಹೇಳಿದ ಹಾಗೆ ಸಂಬಂಧ ಕೂಡಿಬಂತು. ಹನ್ನೊಂದು ಸಲ ಬಂದವರೂ ಈಗ ಪರದೆಯೊಳಗೆ ಹಿಡಿಸುತ್ತಾರೆ. ಕಾರ್ಡು ತುಂಬಲು ಶುರು ಮಾಡಿದ್ದೇನೆ.

ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ನಿಮ್ಮ ಟಿಪ್ಪಣಿಗಳಿಗಾಗಿಯೇ ಕಾದು ಓದುತ್ತೇನೆ. 'ಇಲ್ಲಿಗೆ ಅರ್ಧ ಗುಡ್ಡ ಹತ್ತಿದ ಹಾಗೆ, ಕೂತು ಬೆವರು ಒರೆಸಿಕೊಳ್ಳಿ.' 'ಈ ಪುಟ ನನಗೆ ತಿಳಿಯಲಿಲ್ಲ, ನಿಮಗೂ ತಿಳಿಯದಿದ್ದರೆ ನಾಚಿಕೆ ಬೇಡ, ಇಬ್ಬರಾದೆವು.' ನೀವು ಇಷ್ಟು ತಮಾಷೆಯವರೆಂದು ನನಗೆ ಗೊತ್ತಿರಲಿಲ್ಲ. ಮದುವೆಯಾದಾಗಿನಿಂದ ನಿಮ್ಮೆದುರು ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂತಿದ್ದೆ.

ಒಂದು ದಿನ ಎರಡನೇ ಭಾಗವನ್ನು ಮನೆಗೆ ಒಯ್ದಿದ್ದೆ. ಇವಳು ಕೈಗೆತ್ತಿಕೊಂಡು ಬೆನ್ನಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಯಾರು ಹೊಲಿದಿದ್ದು ಇದು?"

"ಆಫೀಸಿಂದು" ಎಂದೆ.

ಪುಸ್ತಕ ವಾಪಸ್ ಇಟ್ಟಳು. ನಾನು ಬಚಾವಾದೆ.

ನಿಮ್ಮ ಅಳಿಯ


ಆಗಸ್ಟ್ 20

ಚಿರಂಜೀವಿ ಅಳಿಯಂದಿರಿಗೆ,

ಟಿಪ್ಪಣಿಗಳು ನನ್ನವಲ್ಲ. ನನ್ನದಲ್ಲದ ಹೊಗಳಿಕೆಯನ್ನು ಇಟ್ಟುಕೊಳ್ಳಲಾರೆ.

ಪುಸ್ತಕವನ್ನು ಬಿಚ್ಚಿ, ನಾಲ್ಕು ಮಾಡಿ ಹೊಲಿದವರು ಅವರು. ನಮ್ಮ ಅಚ್ಚುಕೂಟದ ಬೈಂಡರ್. ಈಗ ನನ್ನ ಯಜಮಾನರು. ಕಳೆದ ಪತ್ರಗಳಲ್ಲಿ ಎಲ್ಲೂ ಅವರ ಮಾತು ಎತ್ತಲಿಲ್ಲ, ನಿಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸಬಾರದೆಂದು. ಆದರೆ ಹಳೆ ಪುಸ್ತಕದ ರಾಶಿಯಲ್ಲಿ ಮಂಡಿಯೂರಿ ಕೂತು ಹುಡುಕಿದವರು ಅವರು. ಬೈಂಡರುಗಳು ಪುಸ್ತಕ ಓದುವುದಿಲ್ಲ, ಓದಿದರೆ ಕೆಲಸ ಸಾಗುವುದಿಲ್ಲ. ಇದೊಂದನ್ನು ಮಾತ್ರ ಹೊಲಿಯುವ ಮೊದಲು ಪೂರ್ತಿ ಓದಿದರು. "ಮಕ್ಕಳ ಕಾಲಿನ ವಿಷಯ, ತಿಳಿಯದೆ ಹೊಲಿದ್ರೆ ತಪ್ಪಾಗುತ್ತೆ" ಎಂದರು.

ಎರಡು ವರ್ಷದ ಹಿಂದೆ ನಾವಿಬ್ಬರೂ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಬಂದೆವು. ಅರವತ್ತು ದಾಟಿದ ತಾಯಿಯ ಮದುವೆಗೆ ಬಾ ಎಂದು ಮಗಳನ್ನು ಹೇಗೆ ಕರೆಯುವುದು? ಅವಳಿಗೆ ಮುಜುಗರವಾಗದಿರಲಿ ಎಂದು ಎಲ್ಲ ಮುಗಿದ ಮೇಲೆ ಬರೆದೆ. ಪುಟ್ಟಿ ಉತ್ತರ ಬರೆಯಲಿಲ್ಲ. ಅವಳಿಗೆ ಅವಳಪ್ಪನ ಜಾಗದಲ್ಲಿ ಇನ್ನೊಬ್ಬರು ಇಷ್ಟವಿಲ್ಲ. ಅದು ನ್ಯಾಯವೇ. ನಾನು ಅವಳನ್ನು ದೂರುವುದಿಲ್ಲ.

ಯಾರು ಹೊಲಿದರೆಂದು ಅವಳಿಗೆ ಹೇಳಬೇಡಿ. ಪುಸ್ತಕ ಮನೆಯಿಂದ ಹೊರಗೆ ಹೋದೀತು, ನಿಮ್ಮ ಕೆಲಸ ಅರ್ಧಕ್ಕೆ ನಿಂತೀತು.

ಅತ್ತೆ


ಸೆಪ್ಟೆಂಬರ್ 18

ಅಳಿಯಂದಿರಿಗೆ,

ನಿಮ್ಮಿಂದ ಪತ್ರ ಬರಲಿಲ್ಲ. ಹೋದ ಸಲ ನಾನು ಬೇಕಾದ್ದಕ್ಕಿಂತ ಹೆಚ್ಚು ಬರೆದೆನೇನೋ. ಅವರ ಕೈಯಿಂದ ಬಂದದ್ದೆಂದು ಪುಸ್ತಕ ಮೈಲಿಗೆಯಾಗಿದ್ದರೆ ಹಾಗೇ ಹೇಳಿಬಿಡಿ, ಬೇಸರವಿಲ್ಲ. ಬೇರೆ ಪ್ರತಿ ಹುಡುಕಿ, ಹೊಲಿಯದೆ ಕಳಿಸುತ್ತೇನೆ. ಮಕ್ಕಳ ಕೆಲಸ ಮಾತ್ರ ನಿಲ್ಲದಿರಲಿ.

ಅತ್ತೆ


ಸೆಪ್ಟೆಂಬರ್ 29

ಅತ್ತೆ,

ಮೈಲಿಗೆ ಎಂಬ ಮಾತನ್ನು ದಯವಿಟ್ಟು ವಾಪಸ್ ತೆಗೆದುಕೊಳ್ಳಿ. ಅದನ್ನು ಓದಿ ನನಗೆ ಊಟ ಸೇರಲಿಲ್ಲ.

ಬರೆಯದೆ ಇದ್ದದ್ದು ಕೆಲಸದ ಭರದಲ್ಲಿ. ಎರಡೂ ಬೀರು ಖಾಲಿಯಾಗುವವರೆಗೆ ಕಾರ್ಡು ತುಂಬಿದೆ. ಕಾರ್ಡು ಓದಿ ಹೇಳಲು ಒಬ್ಬರ ಸಹಾಯವೂ ಸಿಕ್ಕಿತು. ಯಾರೆಂದು ಬರೆಯಲು ಸದ್ಯಕ್ಕೆ ನನಗೆ ಅನುಮತಿಯಿಲ್ಲ. ಬೈಂಡರ್ ಅವರಿಗೆ ನನ್ನ ನಮಸ್ಕಾರ ತಿಳಿಸಿ. ಮೂರನೇ ಭಾಗದಲ್ಲಿ ಅವರು ಬರೆದ 'ತಪ್ಪಾದರೆ ಅಳಿಸಬಹುದು, ಇದೇನು ಅಂಟಲ್ಲ' ಎಂಬ ಮಾತನ್ನು ಚೀಟಿ ಮಾಡಿ ಪರದೆಯ ಮೇಲೆ ಅಂಟಿಸಿದ್ದೇನೆ.

ಈಗ ಹೊಸ ಸಂಕಟ. ಈ ವರ್ಷ ಯಾರು ಬಂದರು ಎಂದು ಕೇಳಿದರೆ ಪ್ರೋಗ್ರಾಂ ಥಟ್ಟನೆ ಹೇಳುತ್ತದೆ. ಯಾರು ಬರಲಿಲ್ಲ ಎಂದರೆ ಖಾಲಿ ಪರದೆ. ಭೇಟಿಗಳ ಟೇಬಲ್‌ನಲ್ಲಿ ಬಂದವರ ಸಾಲು ಮಾತ್ರ ಇದೆ. ಬಾರದೆ ಇರುವುದಕ್ಕೆ ಯಾರಾದರೂ ಸಾಲು ಬರೆಯುತ್ತಾರೆಯೇ? ಪುಸ್ತಕದ ನಾಲ್ಕು ಭಾಗವನ್ನೂ ತಿರುವಿ ಹಾಕಿದೆ. ಇದ್ದದ್ದನ್ನು ಹುಡುಕುವುದು ಬೇಕಾದಷ್ಟಿದೆ, ಇಲ್ಲದ್ದನ್ನು ಹುಡುಕುವುದು ಎಲ್ಲೂ ಇಲ್ಲ.

ತುಂಬುವಾಗ ಒಂದು ಕಾರ್ಡು ಕೈಯಲ್ಲೇ ನಿಂತುಬಿಟ್ಟಿತು. ಹೆಣ್ಣುಮಗು. ಐದು ವರ್ಷದವಳಿದ್ದಾಗ ಮೊದಲ ಕಾಲು ಕೊಟ್ಟಿದ್ದೇವೆ. ಆಮೇಲೆ ಏನೂ ಬರೆದಿಲ್ಲ. ಈಗ ಅವಳಿಗೆ ಎಂಟು. ಅದು ಕಣ್ಣಿಗೆ ಬಿದ್ದದ್ದು ಅದೃಷ್ಟ. ಅಂಥವರು ಇನ್ನೆಷ್ಟು ಮಂದಿ ಇದ್ದಾರೋ ಗೊತ್ತಿಲ್ಲ.

ಡಾಕ್ಟರು ದಿನಾ ಬಾಗಿಲಲ್ಲಿ ತಲೆ ಹಾಕಿ "ಏನಯ್ಯ, ಸಿಕ್ಕಿದ್ರಾ?" ಅನ್ನುತ್ತಾರೆ. ನಾನು ಇಲ್ಲವೆಂದು ತಲೆಯಾಡಿಸುತ್ತೇನೆ.

ನಿಮ್ಮ ಅಳಿಯ


ಅಕ್ಟೋಬರ್ 10

ಮಗನೇ,

ಇನ್ನು ನಿನಗೆ 'ನೀವು' ಎನ್ನಲು ನನ್ನಿಂದಾಗದು. ಊಟ ಬಿಟ್ಟ ಹುಡುಗನಿಗೆ ಯಾರಾದರೂ ಬಹುವಚನ ಹಾಕುತ್ತಾರೆಯೇ? ಮಾತು ವಾಪಸ್ ತೆಗೆದುಕೊಂಡಿದ್ದೇನೆ. ಉಣ್ಣು.

ನಿನ್ನ ಪತ್ರ ಹಿಡಿದು ನಾವಿಬ್ಬರೂ ಬೀದಿಗಿಳಿದೆವು. ಹೊಸ ಅಂಗಡಿ, ಹಳೆ ಅಂಗಡಿ ಒಂದನ್ನೂ ಬಿಡಲಿಲ್ಲ. ನಾನು ಪದಸೂಚಿಗಳಲ್ಲಿ ಹುಡುಕಿದೆ: ಬಾರದವರು, ಗೈರುಹಾಜರಿ, ಬಿಟ್ಟುಹೋದದ್ದು. ಒಂದು ಅಂಗಡಿಯಲ್ಲಿ ಆರನೇ ಪುಸ್ತಕ ತೆಗೆಯುವಾಗ ಅಂಗಡಿಯವನಿಗೆ ತಡೆಯಲಾಗಲಿಲ್ಲ.

"ಅಮ್ಮಾ, ಇದು ಲೈಬ್ರರಿ ಅಲ್ಲ."

"ಗೊತ್ತಪ್ಪ, ಲೈಬ್ರರಿ ಆಗಿದ್ರೆ ಕೂರೋಕೆ ಕುರ್ಚಿ ಇರ್ತಿತ್ತು" ಎಂದೆ.

ಇವರು ನಡುವೆ ಬಂದು, ಮಕ್ಕಳ ಕಾಲಿನ ಕಥೆಯನ್ನೆಲ್ಲ ಹೇಳಿದರು. ಅವನು ಕೇಳುತ್ತಾ ಕೇಳುತ್ತಾ ಒಳಗೆ ಹೋಗಿ ಕುರ್ಚಿ ತಂದ. ಒಂದಲ್ಲ, ಎರಡು. ಆಮೇಲೆ ಏಣಿ ಹತ್ತಿ ಮೇಲಿನ ಸಾಲಿನಿಂದ ಒಂದು ಪುಸ್ತಕ ಇಳಿಸಿದ. ಚಿತ್ರವಿಲ್ಲ, ಬಣ್ಣವಿಲ್ಲ, ನೋಡಿದರೆ ಆಕಳಿಕೆ ಬರಬೇಕು. "ಕಲಿಯೋರು ಇದನ್ನ ಕೊಳ್ಳಲ್ಲಮ್ಮ, ಸಿಕ್ಕಿಹಾಕಿಕೊಂಡೋರು ಕೊಳ್ತಾರೆ" ಎಂದ. ಅದರ ಪದಸೂಚಿಯಲ್ಲಿ 'ಜೋಡಿ ಸಿಗದ ಸಾಲುಗಳು' ಎಂದಿತ್ತು. ನಾನು ಇಡೀ ಬೀದಿಯಲ್ಲಿ ಹುಡುಕಿದ್ದು ಅದನ್ನೇ, ಹೆಸರು ಮಾತ್ರ ನನಗೆ ತಿಳಿದಿರಲಿಲ್ಲ.

ಅದನ್ನು ವಿವರಿಸಿದ ನಾಲ್ಕು ಪುಟ ನನಗೆ ಅರ್ಥವಾಗಲಿಲ್ಲ. ಇವರಿಗೆ ಆಯಿತು. "ಇದು ನಮ್ಮ ಕೆಲಸವೇ" ಎಂದರು. ಪುಸ್ತಕವೆಂದರೆ ಮಡಿಸಿದ ಹಾಳೆಗಳ ಕಂತೆಗಳು. ಪ್ರತಿ ಕಂತೆಯ ಬೆನ್ನಿನಲ್ಲಿ ಒಂದು ಕಪ್ಪು ಗುರುತು ಅಚ್ಚಾಗಿರುತ್ತದೆ, ಒಂದಕ್ಕಿಂತ ಇನ್ನೊಂದು ಸ್ವಲ್ಪ ಕೆಳಗೆ. ಎಲ್ಲ ಒಟ್ಟು ಮಾಡಿದಾಗ ಮೆಟ್ಟಿಲಿನ ಹಾಗೆ ಕಾಣಬೇಕು. ಇರುವ ಕಂತೆಗಳನ್ನು ಎಷ್ಟು ನೋಡಿದರೂ ಇಲ್ಲದ್ದು ತಿಳಿಯದು. ಮೆಟ್ಟಿಲು ಎಲ್ಲಿ ತಪ್ಪಿದೆ ಎಂದು ನೋಡಬೇಕು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಮೊದಲು ಮಕ್ಕಳೆಲ್ಲರನ್ನೂ ಸಾಲಾಗಿ ನಿಲ್ಲಿಸು. ಈ ವರ್ಷ ಬಂದವರನ್ನು ಅವರವರ ಪಕ್ಕಕ್ಕೆ ನಿಲ್ಲಿಸು. ಯಾರ ಪಕ್ಕ ಖಾಲಿ ಇದೆಯೋ ಅವರನ್ನ ಕರಿ."

ಪುಸ್ತಕ ಬರುತ್ತಿದೆ. ಇವರಿಗೆ ಎರಡು ದಿನ ಹಿಡಿಯಿತು, ಹೊಲಿಯಲು.

ಅತ್ತೆ


ನವೆಂಬರ್ 2

ಪ್ರೀತಿಯ ಅತ್ತೆಗೆ, ಹಾಗೂ ಮಾವನವರಿಗೆ (ಹೀಗೆ ಬರೆಯಬಹುದಲ್ಲವೇ?),

ಸಿಕ್ಕಿದರು.

ಮಾವನವರು ಹೇಳಿದ ಕ್ರಮದಲ್ಲೇ ಮಾಡಿದೆ. ಗುಂಡಿ ಒತ್ತಿದಾಗ ಪರದೆಯ ತುಂಬ ಹೆಸರು ಇಳಿಯತೊಡಗಿದವು. ಒಂದು ಪರದೆಗೆ ಮುಗಿಯಲಿಲ್ಲ, ಇನ್ನೊಂದಕ್ಕೂ ಮುಗಿಯಲಿಲ್ಲ. ಡಾಕ್ಟರನ್ನು ಕರೆದೆ. ನಿಂತೇ ಓದಲು ಶುರು ಮಾಡಿದವರು ಕುರ್ಚಿ ಎಳೆದು ಕೂತರು. "ಇಷ್ಟು ಜನಾನ?" ಎಂದರು. ಕನ್ನಡಕ ತೆಗೆದರು. ನಂತರ ನನ್ನ ಕೈ ಹಿಡಿದು ಕುಲುಕಿದರು. ಇಷ್ಟು ವರ್ಷದಲ್ಲಿ ಅವರು ಯಾರ ಕೈಯನ್ನೂ ಹಾಗೆ ಕುಲುಕಿದ್ದನ್ನು ನಾನು ನೋಡಿಲ್ಲ. ಎಲ್ಲರಿಗೂ ಅಂಚೆ ಕಾರ್ಡು ಬರೆದು ಹಾಕಿದ್ದೇವೆ. ಕಂಪ್ಯೂಟರ್ ಇಲ್ಲೇ ಉಳಿಯುತ್ತದೆ.

ಮೊದಲು ಬಂದವಳು ಆ ಎಂಟು ವರ್ಷದ ಹುಡುಗಿ, ಅಪ್ಪನ ಜೊತೆ. ಕಾಲು ಗಿಡ್ಡವಾಗಿದೆಯೆಂದು ಹಿಮ್ಮಡಿಯ ಕೆಳಗೆ ಬಟ್ಟೆ ಮಡಿಸಿ ಕಟ್ಟಿದ್ದರು. ಮಡಿಕೆಯ ಮೇಲೆ ಮಡಿಕೆ.

"ಯಾಕಪ್ಪ ಬರಲಿಲ್ಲ?" ಎಂದು ಡಾಕ್ಟರು ಕೇಳಿದರು.

"ಒಂದ್ಸಲ ಪುಕ್ಕಟೆ ಕೊಟ್ರಿ ಸಾರ್. ಮತ್ತೆ ಹೋಗಿ ಕೈಯೊಡ್ಡೋದು ಹೇಗೆ ಅಂತ ಸುಮ್ಮನಿದ್ವಿ. ಈಗ ನೀವೇ ಕರೆದ್ರಲ್ಲ, ಬಂದ್ವಿ."

ಹೊಸ ಕಾಲು ತೊಟ್ಟು, ಸರಳು ಹಿಡಿದು ನಡೆದು, ಹುಡುಗಿ ದೊಡ್ಡ ಕನ್ನಡಿಯ ಮುಂದೆ ನಿಂತಳು. "ಅಪ್ಪಾ, ನನ್ನ ಭುಜ ಎರಡೂ ಸಮ ಇದೆ!" ಎಂದಳು.

ನನ್ನ ಪಕ್ಕದಲ್ಲಿ ನಿಂತು ಇದನ್ನು ನೋಡುತ್ತಿದ್ದವಳು ಇವಳು. ನಿಮ್ಮ ಪುಟ್ಟಿ. ಕಾರ್ಡು ಓದಿ ಹೇಳಿದವಳೂ ಅವಳೇ. ಎರಡು ತಿಂಗಳಿಂದ ಶಾಲೆ ಬಿಟ್ಟ ಮೇಲೆ ಇಲ್ಲಿಗೆ ಬರುತ್ತಿದ್ದಾಳೆ. ಮೊದಲ ದಿನ ಬಂದು ಕೂತವಳು, "ಅಮ್ಮನ ಪತ್ರ ಬಂದ್ರೆ ಡ್ರಾಯರ್‌ನಲ್ಲಿ ಬಚ್ಚಿಡೋದು ಬೇಡ. ನಾನೇನು ಕದ್ದು ಓದಲ್ಲ. ಇದನ್ನ ಅಮ್ಮಂಗೂ ಬರೀಬೇಡಿ" ಎಂದಳು. ಹೊಲಿಗೆ ಮುಟ್ಟಿದ ದಿನವೇ ಅವಳಿಗೆ ಗೊತ್ತಾಗಿತ್ತಂತೆ. ಬಚಾವಾದೆ ಎಂದು ಬರೆದಿದ್ದೆನಲ್ಲ, ನನ್ನಂಥ ಪೆದ್ದ ಇಲ್ಲ.

ಹುಡುಗಿ ಹೋದ ಮೇಲೆ ಇವಳು ನನ್ನ ಜೊತೆ ಮನೆಗೆ ನಡೆದಳು. ಬಾಗಿಲ ಬಳಿ ನಿಂತು, "ಒಂದು ಲಕೋಟೆ ಇದ್ರೆ ಕೊಡಿ" ಎಂದಳು. ಅದಕ್ಕೇ ಈ ವಿಷಯ ಬರೆಯುವ ಧೈರ್ಯ ಮಾಡಿದ್ದೇನೆ.

ನಿಮ್ಮ ಮಗ


ನವೆಂಬರ್ 4

ಅಮ್ಮಾ,

ಲಕೋಟೆ ಇಸಿದುಕೊಂಡು ಎರಡು ದಿನವಾಯಿತು. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಹೀಗೇ ಶುರು ಮಾಡುತ್ತಿದ್ದೇನೆ.

ನೀನು ಬರೆದದ್ದನ್ನು ನಿನ್ನ ಅಳಿಯ ಈಗ ಹೇಳಿದರು. ನನಗೆ ಇಷ್ಟವಿಲ್ಲ ಎಂದು ನಿನಗೆ ಯಾರು ಹೇಳಿದರು? ನಾನಂತೂ ಹೇಳಲಿಲ್ಲ. ಶಾಲೆ ಮುಗಿಸಿ ನಿನ್ನ ಅಚ್ಚುಕೂಟಕ್ಕೆ ಬಂದು, ನೀನು ಕರಡು ತಿದ್ದಿ ಏಳುವವರೆಗೆ ಬೈಂಡರ್ ಮಾಮನ ಮೇಜಿನ ಕೆಳಗೆ ಕೂತು ಬೆಳೆದವಳು ನಾನು. ನನ್ನ ನೋಟ್‌ಬುಕ್ಕುಗಳಿಗೆಲ್ಲ ಹೊಲಿಗೆ ಹಾಕಿದವರು ಅವರು. ಕೊನೆಯ ಗಂಟನ್ನು ಒಳಗೆ ಮುಚ್ಚಿ ಹಾಕುವುದು ಅವರೊಬ್ಬರೇ. ಆ ಗಂಟು ಬೆರಳಿಗೆ ಸಿಕ್ಕರೆ ನನಗೆ ಗೊತ್ತಾಗದೆ ಇರುತ್ತದೆಯೇ? ಅಪ್ಪ ತೀರಿಕೊಂಡ ವರ್ಷ ನನಗೆ ಊಟ ಮಾಡಿಸಲು ಅವರು ಹಾಕಿದ ವೇಷಗಳು ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ.

ಅವರನ್ನು ನೀನು ಮದುವೆಯಾದೆ ಎಂದು ನನಗೆ ಕೋಪ ಬರಲಿಲ್ಲಮ್ಮ. ಅದು ನನಗೆ ಪತ್ರದಲ್ಲಿ ಬಂತು, ಅದೂ ಎಲ್ಲ ಆದ ಮೇಲೆ. ಸಾಕ್ಷಿಗೆ ಪಕ್ಕದ ಅಂಗಡಿಯವರನ್ನು ಕರೆದಿದ್ದೆ ಎಂದು ನೀನೇ ಬರೆದಿದ್ದೆ. ನಾನು ಬಂದು ಸಹಿ ಹಾಕುತ್ತಿರಲಿಲ್ಲವೇ? ನಿನ್ನ ಒಬ್ಬಳೇ ಮಗಳು ನಾನು. ಕರೆಯಲೇ ಇಲ್ಲ ನೀನು. ಕರೆಯದ ಮನೆಗೆ ಹೇಗೆ ಬರಲಿ ಎಂದು ನಾನೂ ಸೆಟೆದು ಕೂತೆ. ಒಂದು ವಾರ ಸೆಟೆದು ಕೂತರೆ ಸಿಟ್ಟು ಅನ್ನುತ್ತಾರೆ. ಎರಡು ವರ್ಷವಾದರೆ ಏನನ್ನುತ್ತಾರೋ.

ಅದಕ್ಕೇ ಈಗ ನಾನು ಕರೆಯುತ್ತಿದ್ದೇನೆ. ಇಬ್ಬರೂ ಬನ್ನಿ. ಬಂದು ಒಂದು ತಿಂಗಳು ಇರಿ. ನಿನ್ನ ಅಳಿಯ ಮಾಡಿದ ಟೇಬಲ್ ನೋಡುವೆಯಂತೆ. ಎಲ್ಲರಿಗೂ ಕರೆದು ಕರೆದು ತೋರಿಸುತ್ತಾರೆ, ಹಸಿ ಪೇಂಟಿನ ಮನೆ ತೋರಿಸುವ ಹಾಗೆ. ನಾನು ಒಂದು ಅಪ್ಪಣೆ ಕೇಳಬೇಕು. ಬೈಂಡರ್ ಮಾಮನನ್ನು ಅಪ್ಪ ಎಂದು ಕರೆಯಲು ನನ್ನಿಂದಾಗದು. ಮಾಮ ಎಂದೇ ಕರೆಯುತ್ತೇನೆ. ಅವರಿಗೆ ಬೇಸರವಾಗುತ್ತದೆಯೇ ಕೇಳಿ ನೋಡು.

ಮತ್ತೆ, ಅಮ್ಮ, ಉಪಕಾರವಾಯಿತು. ಪುಸ್ತಕಕ್ಕೆ. ನಿನ್ನ ಅಳಿಯನನ್ನು ಇಷ್ಟು ಖುಷಿಯಾಗಿ ನಾನು ನೋಡಿರಲಿಲ್ಲ.

ಪುಟ್ಟಿ


ನವೆಂಬರ್ 13

ಮಗೂ,

ನನಗೆ ಪತ್ರ ಬರೆದು ಅಭ್ಯಾಸವಿಲ್ಲ. ಪುಟದ ಅಂಚಿನಲ್ಲಿ ಬರೆದದ್ದೇ ಹೆಚ್ಚು. ಇಷ್ಟು ಅಗಲವಾದ ಹಾಳೆ ನೋಡಿದರೆ ಭಯವಾಗುತ್ತದೆ.

ನಿನ್ನಮ್ಮನೇ ಬರೆಯಬೇಕಾಗಿತ್ತು. ಕೂತಳು, ನಾಲ್ಕು ಸಲ ಶುರು ಮಾಡಿದಳು, ನಾಲ್ಕು ಸಲವೂ ಹಾಳೆ ಒದ್ದೆಯಾಯಿತು. "ನೀವೇ ಬರೀರಿ, ನನ್ನ ಕೈಲಿ ಆಗಲ್ಲ" ಎಂದು ಎದ್ದು ಹೋಗಿ ಪೆಟ್ಟಿಗೆಗೆ ಬಟ್ಟೆ ತುಂಬತೊಡಗಿದಳು. ನನ್ನ ಎರಡು ಅಂಗಿಯನ್ನೂ ತುಂಬಿದ್ದಾಳೆ, ಆದ್ದರಿಂದ ನಾನೂ ಬರುತ್ತಿದ್ದೇನೆ ಎಂದು ತಿಳಿದಿದ್ದೇನೆ.

ಮಾಮ ಎಂದರೆ ಬೇಸರವೇ ಎಂದು ಕೇಳಿದ್ದೀಯ. ಎರಡು ವರ್ಷದಿಂದ ನನ್ನನ್ನು ಹಾಗೆ ಕರೆಯುವವರು ಯಾರೂ ಇರಲಿಲ್ಲ ಮಗೂ. ಇದಕ್ಕಿಂತ ಹೆಚ್ಚು ಬರೆದರೆ ಈ ಹಾಳೆಯೂ ಒದ್ದೆಯಾಗುತ್ತದೆ. ನಿನ್ನ ಗಂಡನಿಗೆ ಹೇಳು, ಅವನ ಟೇಬಲ್ ನೋಡಲು ನನಗೆ ಬಹಳ ಆಸೆ. ಜೀವಮಾನದಲ್ಲಿ ಎಷ್ಟೋ ಪುಸ್ತಕ ಹೊಲಿದೆ, ಓದಿದವರು ಏನು ಮಾಡಿದರೆಂದು ಒಂದರದ್ದೂ ತಿಳಿಯಲಿಲ್ಲ. ಇದೊಂದರದ್ದು ತಿಳಿಯಿತು. ಆ ಹುಡುಗಿ ಕನ್ನಡಿಯ ಮುಂದೆ ಹೇಳಿದ ಮಾತನ್ನು ನಿನ್ನಮ್ಮ ನನಗೆ ಓದಿ ಹೇಳಿದಳು. ಮತ್ತೊಮ್ಮೆ ಓದು ಎಂದೆ. ಓದಿದಳು.

ಇದನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನಮ್ಮ ಟಿಕೆಟ್ ಕಿಟಕಿಯ ಮುಂದೆ ನಿಂತಿದ್ದಾಳೆ. ನಾಳೆಯ ಬಸ್ಸಿನಲ್ಲಿ ಆರಾಮಾಗಿ ಹೋಗಬಹುದು ಎಂದು ಕಿಟಕಿಯವನು, ಇವತ್ತಿನದೇ ಬೇಕು ಎಂದು ಅವಳು. ಅವಳ ದನಿ ಕೇಳಿದರೆ ಅವನೇ ಸೋಲುತ್ತಾನೆ ಅನಿಸುತ್ತದೆ. ಇಲ್ಲೇ ಒಂದು ಅಂಚೆ ಡಬ್ಬಿ ಇದೆ, ಹತ್ತುವ ಮೊದಲು ಇದನ್ನು ಹಾಕುತ್ತೇನೆ. ಅಂಚೆಗಿಂತ ನಾವೇ ಮೊದಲು ಬಂದು ತಲುಪಿದರೆ ಗಾಬರಿಯಾಗಬೇಡ. ಬಾಗಿಲು ತೆಗೆ. ಪತ್ರ ಬಂದ ಮೇಲೆ ಎಲ್ಲರೂ ಕೂತು ಓದಿಕೊಳ್ಳೋಣ.

ಮಾಮ